ಪ್ರಶ್ನೆಪತ್ರಿಕೆಯಾದ ಮೈ

ಇಪ್ಪತ್ತಾರು ವರ್ಷಗಳಿಂದ ಪ್ಯೋ ಗಿತೇಕ್ ಮೇಷ್ಟ್ರ ಮೈಯೇ ಪ್ರಶ್ನೆಪತ್ರಿಕೆ. ದೇಗು ಊರಿನ ಮಾಲೀಸು ಶಾಲೆಯಲ್ಲಿ ಕಲಿಯುವವರಿಗೂ ಕಣ್ಣಿಲ್ಲ, ಕಲಿಸುವ ಅವರಿಗೂ ಇಲ್ಲ. ಮಾಲೀಸಿನ ಕಸುಬಿಗೆ ಇಳಿಯುವ ಮುನ್ನ ಮೇಷ್ಟ್ರ ಮೈ ಮುಟ್ಟಿ ಮೂಳೆ, ಸ್ನಾಯು, ನರಗಳನ್ನೆಲ್ಲ ಹೇಳಿ ಪಾಸಾಗಬೇಕು. ಬೆಳಗಿನಿಂದ ಹನ್ನೊಂದು ಜನ ಒತ್ತಿ, ತಿವಿದು, ತಡಕಾಡಿ ಹೋಗಿದ್ದರು. ಮೇಷ್ಟ್ರಿಗೆ ಸಾಕುಸಾಕಾಗಿತ್ತು.

ದಣಿವಿಗೆ ಅದೊಂದೇ ಕಾರಣವಲ್ಲ. ವರ್ಷದಿಂದ ಅವರ ಬಲಗೈ ಬೆರಳುಗಳು ಜೋಮು ಹಿಡಿದಿದ್ದವು. ಬ್ರೈಲ್ ಚುಕ್ಕಿಗಳು ಅಕ್ಕಿನುಚ್ಚಿನಂತೆ ಕಲಸಿಹೋಗುತ್ತಿದ್ದವು. ಬೆರಳೇ ಸತ್ತ ಮಾಲೀಸಿನ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕೇ ಪರೀಕ್ಷೆಗೆ ಎಡಗೈಯನ್ನೇ ಚಾಚುತ್ತಿದ್ದರು. ಗುಟ್ಟು ಹೊತ್ತು ತಿರುಗುವುದೇನು ಸಣ್ಣ ದುಡಿಮೆಯೇ!

ಕೊನೆಗೆ ಬಂದವಳು ಮಾ ಯಂಗ್‌ಸುಕ್. ಬಸ್ ಓಡಿಸುತ್ತಿದ್ದವಳು, ನಲವತ್ತರ ಮೇಲೆ ಕಣ್ಣು ಹೋಗಿತ್ತು. ಎರಡು ಸಲ ಫೇಲಾಗಿದ್ದಳು. ಮೂರನೆಯದೂ ಹೋದರೆ ಶಾಲೆಯ ಬಾಗಿಲು ಮುಚ್ಚಿದಂತೆಯೇ.

ಮೇಷ್ಟ್ರು ಎಡಗೈ ಚಾಚಿದರು.

“ಆ ಕೈನ ಎಲ್ರೂ ಬಾಯಿಪಾಠ ಮಾಡ್ಬಿಟ್ಟಿದ್ದಾರೆ. ಬಲಗೈ ಕೊಡಿ ಮೇಷ್ಟ್ರೇ,” ಎಂದರು ಪಕ್ಕದಲ್ಲಿ ಅಂಕ ಬರೆಯುತ್ತಿದ್ದ ಹ್ವಾಂಗ್ ಮೇಡಂ. ಅವರಿಗೆ ಕಣ್ಣಿತ್ತು, ನೋಡುತ್ತಿದ್ದದ್ದು ಮಾತ್ರ ಕಾಗದವನ್ನು.

ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಬಲಗೈ ಕೊಟ್ಟು ಕೇಳಿದರು: “ಹೆಬ್ಬೆರಳ ಬುಡದ ಮಾಂಸದ ದಿಂಡು. ಯಾವ ನರ? ಹೇಗಿದೆ?”

ಅವಳ ಬೆರಳು ಆ ಜಾಗಕ್ಕೆ ಬಂದು ನಿಂತಿತು. ಇನ್ನೊಂದು ಸುತ್ತು ಹಾಕಿತು.

“ಮಧ್ಯದ ನರ. ದಿಂಡು... ತುಂಬ್ಕೊಂಡೈತೆ. ಏನೂ ತೊಂದ್ರೆ ಇಲ್ಲ.”

ಮೇಡಂ ಪೆನ್ನು ‘ಸರಿ’ ಎಂದು ಗೀಚಿದ ಸದ್ದಾಯಿತು.

ಕೈ ಸತ್ತಿರುವುದು ಅವಳಿಗೆ ಗೊತ್ತಾಗಿದೆ, ನನ್ನನ್ನು ಉಳಿಸಲು ಸುಳ್ಳು ಹೇಳಿದ್ದಾಳೆ, ಅಂದುಕೊಂಡರು ಮೇಷ್ಟ್ರು. ಬಾಯಿ ಮುಚ್ಚಿಕೊಂಡರೆ ಇಬ್ಬರೂ ಉಳಿಯುತ್ತೇವೆ. ಆದರೆ ನಾಳೆ ಇವಳು ಇನ್ಯಾರದೋ ಬೆನ್ನು ಮುಟ್ಟಿ, ದಾಕ್ಷಿಣ್ಯಕ್ಕೆ ಸುಳ್ಳು ಹೇಳಿದರೆ?

“ತಪ್ಪು,” ಎಂದರು ಮೇಷ್ಟ್ರು. “ಆ ‘ಸರಿ’ ಹೊಡೆದು ಹಾಕಿ ಮೇಡಂ. ಯಂಗ್‌ಸುಕ್, ಇನ್ನೊಂದ್ಸಲ ಮುಟ್ಟು.”

“ಬ್ಯಾಡಿ ಮೇಷ್ಟ್ರೇ...”

“ಬ್ರೇಕ್ ಹೋಗಿರೋ ಬಸ್ಸನ್ನೂ ಸರಿ ಐತೆ ಅಂತ ಓಡಿಸ್ತಿದ್ಯೇನಮ್ಮ?”

ಅವಳು ಮೂಗೊರೆಸಿಕೊಂಡಳು. “ದಿಂಡು ಇಂಗೋಗೈತೆ. ಮಣಿಕಟ್ಟಲ್ಲಿ ನರ ಅದುಮ್ಕೊಂಡೈತೆ. ವರ್ಷ ಆಗಿರ್ಬೇಕು. ಬೆರಳಿಗೆ ಏನೂ ತಿಳೀತಿರಾಕಿಲ್ಲ.”

ಪೆನ್ನು ನಿಂತೇಹೋಯಿತು.

“ಬರ್ಕೊಳ್ಳಿ ಮೇಡಂ,” ಎಂದರು ಮೇಷ್ಟ್ರು. “ಪೂರ್ತಿ ಅಂಕ.”

ಯಂಗ್‌ಸುಕ್ ಕೈ ಬಿಡಲಿಲ್ಲ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಮೆಲ್ಲಗೆ ನೀವತೊಡಗಿದಳು. ಬೆರಳಿಗೆ ಬಂದಾಗ ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಆದರೂ ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.