ಕಾಂಪೌಂಡ್ ಗೋಡೆಯ ಪಾಚಿ ಮತ್ತು ನನ್ನ ಬಡ್ತಿ

ಬಡ್ತಿಗಾಗಿ ನಾನು ನಂಬಿಕೊಂಡಿದ್ದು ಪಾಚಿಯನ್ನು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನಾನು ಎರಡು ಮಳೆಗಾಲ ಒಂಟಿಕೊಪ್ಪಲಿನ ಕಾಂಪೌಂಡ್ ಗೋಡೆಗಳಿಗೆ ಮೂಗು ತಾಗಿಸಿಕೊಂಡು ನಿಂತು, ಯಾವ ಪಾಚಿ ಎಲ್ಲಿ ಬೆಳೆಯುತ್ತದೆಂದು ಬರೆದುಕೊಂಡಿದ್ದೆ. "ಯಾರ್ ಬೇಕಿತ್ತಮ್ಮ?" ಎಂದು ಗೇಟಿನೊಳಗಿಂದ ಕೇಳಿದವರಿಗೆಲ್ಲ, "ನಿಮ್ಮ ಗೋಡೆ ಬೇಕಿತ್ತು" ಎಂದಿದ್ದೇನೆ.

ಬರೆಯುವುದೇನೋ ಬರೆದೆ, ಕಳಿಸುವುದು ಕಷ್ಟವಾಯಿತು. ನಮ್ಮಲ್ಲಿ ಲೇಖನಕ್ಕೆ ಜರ್ನಲ್ ಹುಡುಕುವುದೆಂದರೆ ಮಗಳಿಗೆ ಗಂಡು ಹುಡುಕಿದ ಹಾಗೆ. ಮನೆತನ ಯಾವುದು, ಯಾವ ಪಟ್ಟಿಯಲ್ಲಿದೆ, ಅದರ ತೂಕ ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿ ಎಷ್ಟು ಎಂದು ಸ್ಟಾಫ್ ರೂಮಿನಲ್ಲಿ ದಿನವೂ ವಿಚಾರಣೆ. ಮೊದಲು ದೊಡ್ಡ ಮನೆತನಕ್ಕೇ ಕೈ ಹಾಕಿದೆ. ಮೂರೇ ದಿನಕ್ಕೆ ವಾಪಸ್ಸು. ಎರಡನೆಯದು ಎಂಟು ತಿಂಗಳು ಕಾಯಿಸಿ ಬೇಡವೆಂದಿತು. ಮೂರನೆಯದು ಒಪ್ಪಿತು. ಅಂಥ ಹೆಸರಿನದೇನಲ್ಲ, ಆದರೆ ಮಾನ್ಯ ಜರ್ನಲ್‌ಗಳ ಪಟ್ಟಿಯಲ್ಲಿತ್ತು. ಅದೊಂದು ಲೇಖನ ಸೇರಿದರೆ ಬಡ್ತಿಗೆ ಬೇಕಾದ ಅಂಕ ಭರ್ತಿ. ಸ್ಟಾಫ್ ರೂಮಿಗೆಲ್ಲ ಕೇಸರಿಬಾತ್ ಮಾಡಿಕೊಂಡು ಹೋದೆ.

ಬಡ್ತಿಯ ಫೈಲಿಗೂ ಒಂದು ಶಾಸ್ತ್ರವಿದೆ. ಜರ್ನಲಿನ ಮುಖಪುಟ, ಪರಿವಿಡಿ, ಪಟ್ಟಿಯಲ್ಲಿ ಅದರ ಹೆಸರಿರುವ ಹಾಳೆ, ಎಲ್ಲವೂ ಬೇಕು. ಲೇಖನದ್ದು ಮಾತ್ರ ಮೊದಲ ಪುಟ ಸಾಕು. ಕಚೇರಿಯ ಗುಮಾಸ್ತರು ಫೈಲನ್ನು ಕಂಪ್ಯೂಟರಿನಲ್ಲಿದ್ದ ಹೊಸ ಪಟ್ಟಿಯೊಂದಿಗೆ ತಾಳೆ ನೋಡಿ ತಲೆ ಕೆರೆದುಕೊಂಡರು.

"ಮೇಡಂ, ಈ ಜರ್ನಲ್ನ ಪಟ್ಟಿಯಿಂದ ತೆಗೆದ್ಬುಟ್ಟವ್ರೆ. ನಿಮ್ದು ಅಚ್ಚಾಗೋಕೆ ಒಂದ್ ತಿಂಗ್ಳು ಮುಂಚೇನೇ."

ಅಲ್ಲೇ ಕೂತು ಅತ್ತೆ. ನಾಚಿಕೆಯೂ ಆಗಲಿಲ್ಲ. ಅವರು ಕುಡಿಯಲು ನೀರು ಕೊಟ್ಟು, ನನ್ನ ಆ ಒಂಟಿ ಪುಟವನ್ನು ತಿರುವಿ ನೋಡಿದರು. ಹಿಂದೆ ಖಾಲಿ.

"ಒಳಗೇನ್ ಬರ್ದಿದ್ರಿ ಮೇಡಂ?"

"ಇಂಪ್ಯಾಕ್ಟ್ ಫ್ಯಾಕ್ಟರ್ ಒಂದಕ್ಕಿಂತ ಜಾಸ್ತಿ ಇತ್ತು ಕಣ್ರೀ."

"ಅದಲ್ಲ. ಒಳಗೆ."

ಕೇಸರಿಬಾತ್ ತಿಂದವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಹೇಳಿದೆ: ಹಳೆಯ ಗಾರೆ ಗೋಡೆಯ ಮೇಲೆ ಹಲವು ಜಾತಿಯ ಪಾಚಿ ಬೆಳೆಯುತ್ತದೆ, ಸಿಮೆಂಟಿನ ಮೇಲೆ ಎರಡೇ.

"ಕುಂಬಾರಕೊಪ್ಪಲಲ್ಲಿ ನಮ್ಮನೆ ಗೋಡೆ ಸಿಮೆಂಟಿಂದೇ," ಎಂದರು ಅವರು. "ಮೂರು ಥರ ಐತಲ್ಲ."

ಭಾನುವಾರ ಸ್ಕೂಟರ್ ಹತ್ತಿ ಹೋದೆ, ಅವರ ಮಾತು ಸುಳ್ಳೆಂದು ತೋರಿಸಲಿಕ್ಕೇ. ಗೋಡೆಯ ಬುಡದಲ್ಲಿ ಮಂಡಿಯೂರಿ ಲೆನ್ಸ್ ಹಿಡಿದೆ. ನಿಜಕ್ಕೂ ಮೂರು ಇದ್ದವು. ಮೂರನೆಯದು ನನ್ನ ಲೇಖನದಲ್ಲಿ ಇರಲೇ ಇಲ್ಲ. ನನ್ನ ಎರಡು ವರ್ಷದ ದುಡಿಮೆ ತಪ್ಪೆಂದು ತೋರಿಸಿದ ಆ ಹಸಿರು ಚೂರನ್ನು ಕಂಡು ನನಗೆ ಹೇಳಲಾರದಷ್ಟು ಖುಷಿಯಾಯಿತು. ಅವರ ಮನೆಯವರು ತಂದಿಟ್ಟ ಕಾಫಿ ಗೋಡೆಯ ಮೇಲೇ ಆರಿಹೋಯಿತು.

"ಇಬ್ಬರು ತಜ್ಞರು ಓದಿ ಒಪ್ಪಿದ್ದರು ಕಣ್ರೀ," ಎಂದೆ.

"ಅವ್ರು ನಮ್ ಗೋಡೆ ನೋಡಿಲ್ವಲ್ಲ ಮೇಡಂ," ಎಂದರು.

ಆ ವರ್ಷ ಬಡ್ತಿ ಬರಲಿಲ್ಲ. ಆದರೆ ಆ ಭಾನುವಾರ ಮನೆಗೆ ಬಂದವಳೇ ಮೂರನೆಯ ಪಾಚಿಯ ಬಗ್ಗೆ ಬರೆಯಲು ಕೂತೆ. ಒಂದಕ್ಷರ ಬರೆಯುವ ಮೊದಲು ತೆರೆದದ್ದು ಮಾತ್ರ ಜರ್ನಲ್‌ಗಳ ಪಟ್ಟಿಯನ್ನೇ.