ಮಡಿಲಿನಲ್ಲಿ ಸಿಡಿದ ಕನಕಾಂಬರ

ಕನಕಾಂಬರದ ಒಣಕಾಯಿಗೆ ನೀರು ಸೋಕಿದರೆ ಪಟ್ಟನೆ ಸಿಡಿಯುತ್ತದೆ. ಬಿಸಿಲಿಗೆ ಸಿಡಿಯುವ ಕಾಯಿಗಳನ್ನು ಕಂಡಿದ್ದೆ. ಇದಕ್ಕೇನು ನೀರಿನ ಮೇಲೆ ಅಷ್ಟು ಕೋಪ? ಚಿಕ್ಕಂದಿನಲ್ಲಿ ಎಂಜಲು ಹಚ್ಚಿ ಹಚ್ಚಿ ನೋಡಿದೆ, ಮೂಗಿಗೆ ಬೀಜ ಬಡಿಸಿಕೊಂಡೆ. ಉತ್ತರ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. ಗಣಿಯವರ ಕಾಲೊನಿಯಾದ ಕೋರಮಂಡಲ್‌ನ ನಮ್ಮ ಮನೆಯ ಹಿತ್ತಲಿಗೆ ಬಿಸಿಲೇ ಬೀಳುತ್ತಿರಲಿಲ್ಲ. ಅಮ್ಮ ನೆಟ್ಟ ಗುಲಾಬಿ, ಸೇವಂತಿಗೆ ಎಲ್ಲ ಮುಖ ಸಿಂಡರಿಸಿಕೊಂಡೇ ಸತ್ತವು. ಮೊಣಕಾಲೆತ್ತರದ ಕನಕಾಂಬರ ಮಾತ್ರ ಗೋಡೆಯ ನೆರಳಿನಲ್ಲಿ ವರ್ಷವಿಡೀ ಹೂ ಬಿಡುತ್ತಿತ್ತು. ಅದನ್ನು ಮುಡಿಯದೆ ನಮ್ಮಕ್ಕ ಬಾಗಿಲಾಚೆ ಕಾಲಿಡುತ್ತಿರಲಿಲ್ಲ.

ಅಕ್ಕನನ್ನು ಕಾಮಸಮುದ್ರದ ಕಡೆಯ ಹಳ್ಳಿಗೆ ಕೊಟ್ಟರು. ಆ ಮನೆಯ ಅಂಗಳದ ತುಂಬ ಹೊಂಗೆಯ ನೆರಳು, ಹೂವಿನ ಗಿಡ ಒಂದೂ ಇಲ್ಲ.

"ಒಡವೆ ಏನೂ ಬ್ಯಾಡ ಕಣಮ್ಮ. ಈ ಗಿಡ ಒಂದು ಅಲ್ಲಿ ಬಂದ್ರೆ ಸಾಕು, ಎಂಗೋ ಇರ್ತೀನಿ," ಎಂದು ಅತ್ತಳು.

ಕಳಿಸಿಕೊಡುವ ದಿನ ಅಮ್ಮ ಕಾಯಿ ತುಂಬಿದ ಒಣ ತೆನೆಗಳನ್ನೇ ಮುರಿದು, ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ಅಕ್ಕನ ಮಡಿಲಿಗೆ ಹಾಕಿದಳು. ಮಡಿಲು ತುಂಬಿದ ಮೇಲೆ ಮಾವಿನೆಲೆಯಲ್ಲಿ ಅರಿಶಿನದ ನೀರು ಚಿಮುಕಿಸುವುದು ನಮ್ಮಲ್ಲಿ ಪದ್ಧತಿ. ಅದನ್ನೂ ಅಮ್ಮನೇ ಮಾಡಿದಳು, ಅದೂ ಧಾರಾಳವಾಗಿ! ಸಂಭ್ರಮದಲ್ಲಿ ಕಾಯಿಯ ಗುಣವೇ ಮರೆತಿತ್ತು. ಸ್ವಲ್ಪ ಹೊತ್ತಿಗೆ ಮಡಿಲೊಳಗೆ ಪಟಪಟ ಶುರುವಾಯಿತು. ಬೀಜಗಳು ಹಾರಿ ನೆಂಟರ ಮುಖಕ್ಕೆಲ್ಲ ಬಡಿದವು. ನಾನು ನಗು ತಡೆಯಲಾರದೆ ಬೆನ್ನಿಗೆ ಗುದ್ದು ತಿಂದೆ.

ಅಕ್ಕನ ಅತ್ತೆ ಎದ್ದು ನಿಂತರು. "ಅಯ್ಯೋ ಶಿವನೇ! ಮಡಿಲು ಸಿಡಿಯೋದು ಎಲ್ಲಾದ್ರೂ ಉಂಟೇನಮ್ಮ? ಆ ಗಿಡ ನಮ್ಮನೆಗೆ ಬ್ಯಾಡ. ಸೀರೆ ಒದರ್ಕೊಂಡು ಬಂಡಿ ಅತ್ತು!"

ಅಮ್ಮ ಪೆಚ್ಚಾಗಿ ತೆನೆಗಳನ್ನೆಲ್ಲ ಆರಿಸಿ ತೆಗೆದಳು. ಅಕ್ಕ ಬಂಡಿಯಲ್ಲಿ ಕೂತಳು. ಅವಳ ಜೊತೆಗೆ ಹೋಗುತ್ತಿದ್ದ ನಾನು ಪಕ್ಕಕ್ಕೆ ಒತ್ತಿಕೊಂಡರೆ ದೂರ ತಳ್ಳಿದಳು. ದಾರಿಯುದ್ದಕ್ಕೂ ನೆರಿಗೆ ಹಿಡಿದುಕೊಂಡು ಗರ ಬಡಿದವಳಂತೆ ಕೂತೇ ಇದ್ದಳು. ಹೊಸ ಮನೆಗೆ ನೊಂದುಕೊಂಡೇ ಹೋಗುತ್ತಿದ್ದಾಳಲ್ಲ ಎಂದು ನನಗೆ ಅನಿಸಿತು.

ಮರುವರ್ಷ ಹೋಗಿ ನೋಡುತ್ತೇನೆ, ಹೊಂಗೆಯ ಬುಡದ ಸುತ್ತ ಕೆಂಪುಕೇಸರಿ ಕನಕಾಂಬರ!

"ಎಲ್ಲಿಂದ ಬಂತೇ ಅಕ್ಕ?"

"ನೆನೆದ ಬೀಜ ಬಟ್ಟೆಗೆ ಅಂಟ್ಕೊಂತದೆ ಕಣೇ," ಎಂದು ಪಿಸುಗುಟ್ಟಿದಳು. "ನಾನು ಸೀರೆ ಒದರಲೇ ಇಲ್ಲ."

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. "ಅದೇನು ಗುಸುಗುಸು? ನಂಗೂ ಒಂದು ಮೊಳ ಕಟ್ಟೇ, ಸಂತೆಗೆ ಓಗ್ಬೇಕು."