ಬಕೆಟ್ ಹಾಲಿಗೆ ಬಿಂಬುಳಿ

ಮೊನ್ನೆ ಮಗಳು ಶಾಲೆಯ ಪ್ರಯೋಗಕ್ಕೆಂದು ಹಾಲಿಗೆ ವಿನೆಗರ್ ಸುರಿದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಅಂಗಳಕ್ಕೂ ಜಗಲಿಗೂ ಸುಮ್ಮನೆ ಓಡಾಡಿದೆ.

ನನಗೆ ಇಂಥ ಪ್ರಯೋಗ ಕಲಿಸಿದವರು ಪೆರಾಬೆಯಲ್ಲಿ ನಮ್ಮ ತವರಿನ ಪಕ್ಕದ ಮನೆಯ ಚೇಟತ್ತಿ. ಕೇರಳದಿಂದ ಬಂದು ರಬ್ಬರ್ ತೋಟ ಹಾಕಿದವರು; ಅವರ ಮಲಯಾಳದಲ್ಲಿ ಚೇಟತ್ತಿ ಎಂದರೆ ಅಕ್ಕ. ಶಾಲೆಗೆ ರಜೆ ಇದ್ದರೆ ಕರೆದು, ತೆಂಗಿನ ಗೆರಟೆಯಲ್ಲಿ ಒಂದಿಷ್ಟು ರಬ್ಬರ್ ಹಾಲು ಕೊಡುತ್ತಿದ್ದರು. ಹಾಲು ಗಟ್ಟಿಯಾಗಲು ಶೆಡ್ಡಿನಲ್ಲಿಟ್ಟ ಆಸಿಡ್ ಮುಟ್ಟಲು ಬಿಡುತ್ತಿರಲಿಲ್ಲ. ನಮಗೆ ಹಿತ್ತಲಿನ ಬಿಂಬುಳಿ ಕಾಯಿಯ ಹುಳಿ ರಸ. ಹಿಂಡಿ ಕಾದರೆ ಹಾಲು ಮೊಸರಿನಂತೆ ಗಟ್ಟಿ, ಉರುಟು ಮಾಡಿದರೆ ಪುಟಿಯುವ ಚೆಂಡು! ಆದರೆ ನನ್ನಿಂದ ಕಾಯಲಾಗಬೇಕಲ್ಲ... ಕಡ್ಡಿ ಹಾಕಿ ಕಲಕಿ ಕೆಡಿಸುತ್ತಿದ್ದೆ.

“ಎಂತ ಅವಸರ ಮೋಳೇ? ಅದು ಆಗುವಾಗ ಆಗ್ತದೆ,” ಎನ್ನುತ್ತಿದ್ದರು. ಮಗಳೇ ಎನ್ನಲು ಅವರಿಗೆ ಮೋಳೇ.

ಒಂದು ದಿನ ಅವರು ಒಳಗೆ ಹೋದಾಗ, ಗೆರಟೆಯ ಚೆಂಡು ಎಂಥ ಚೆಂಡು, ದೊಡ್ಡದೇ ಮಾಡುವ ಎಂದು, ಅವರು ಬೆಳಗಿನಿಂದ ಮರಮರ ಸುತ್ತಿ ತಂದ ಬಕೆಟ್ ಹಾಲಿಗೇ ಬಿಂಬುಳಿ ಹಿಸುಕಿಬಿಟ್ಟೆ. ಟ್ರೇಗೆ ಹೊಯ್ದು ಶೀಟ್ ಮಾಡಬೇಕಾದ ಹಾಲು ಬಕೆಟಿನಲ್ಲೇ ಗಡ್ಡೆ ಕಟ್ಟಿತು. ಅವರ ಗಂಡ ಬೊಬ್ಬೆ ಹಾಕಿದರು. ಚೇಟತ್ತಿ ನನ್ನ ಕಡೆ ನೋಡದೆ, “ನಾನು ಬಕೆಟ್ ಸರಿ ತೊಳೀಲಿಲ್ಲ,” ಎಂದರು. ಹಳೆಯ ಹಾಲು ಅಂಟಿಕೊಂಡಿದ್ದರೆ ಹೊಸದೂ ಕೆಡುತ್ತದೆ. ಬಕೆಟನ್ನು ಮೂರು ಸಲ ತಿಕ್ಕುವ ಹೆಂಗಸು ಆ ಮಾತು ಹೇಳಿದರು... ನಾನು ಮಾತ್ರ ಬಾಯಿ ಬಿಡಲಿಲ್ಲ, ಕಳ್ಳಿ! ನಾಚಿಕೆಯಾಗಿ ಮತ್ತೆ ಆ ಅಂಗಳಕ್ಕೆ ಕಾಲಿಡಲಿಲ್ಲ. ಬೇಲಿಯಾಚೆಯಿಂದ ಕರೆದರೆ ಅಡಗಿಕೊಳ್ಳುತ್ತಿದ್ದೆ. ಮದುವೆಯಾಗಿ ಕಬಕಕ್ಕೆ ಬಂದೆ.

ಚೇಟತ್ತಿ ತೀರಿಕೊಂಡು ಎರಡು ವರ್ಷವಾಯಿತು. ಆದರೂ ಮೊನ್ನೆ ಮನಸ್ಸು ತಡೆಯದೆ ಪೆರಾಬೆಯ ಬಸ್ಸು ಹತ್ತಿದೆ. ಜಗಲಿಯಲ್ಲಿ ಕೂತಿದ್ದ ಅವರ ಗಂಡನಿಗೆ, ಚಪ್ಪಲಿ ಕೂಡ ಬಿಚ್ಚದೆ, ನಿಂತಲ್ಲೇ ಎಲ್ಲ ಹೇಳಿದೆ.

“ಗೊತ್ತುಂಟು ಮಾರಾಯ್ತಿ. ಗಡ್ಡೆ ಕೊಯ್ಯುವಾಗ ಒಳಗೆ ಬಿಂಬುಳಿ ಬೀಜ ಸಿಕ್ಕಿತ್ತು. ನಾವಿಬ್ಬರೂ ನಗಾಡಿದ್ದೇ ನಗಾಡಿದ್ದು,” ಎಂದರು. ಆಮೇಲೆ ಮೆಲ್ಲ, “ನೀನು ಬರುದು ನಿಲ್ಲಿಸಿದ್ದು ನನ್ನ ಬೊಬ್ಬೆಗೆ ಹೆದರಿ ಅಂತ ಅವಳು ಕಡೆವರೆಗೂ ನನ್ನನ್ನೇ ಬೈತಿದ್ದಳು.”

ತಪ್ಪಾಯಿತೆಂದು ಅವರ ಕಾಲು ಹಿಡಿದೆ. ಅವರು ಬಿಡು ಬಿಡು ಎಂದರು. ನಾನು ಕಾಲು ಹಿಡಿಯಬೇಕಾದವರು ಅಲ್ಲಿರಲಿಲ್ಲ.